ಮೊದಲು ಕಿವುಚಿ, ಆಮೇಲೆ ಎಸೆಯಿರಿ

ನಮ್ಮದು ಮುಳಬಾಗಿಲು ತಾಲ್ಲೂಕು. ನಾನು ಹುಟ್ಟುವ ಮೊದಲಿನಿಂದಲೂ ಅಪ್ಪ ಟೊಮೆಟೊ ಬೆಳೆಯುತ್ತಿದ್ದಾರೆ. ಕೋಲಾರದ ಎಪಿಎಂಸಿ ಮಂಡಿಯಲ್ಲಿ ಹದಿನೈದು ಕಿಲೋ ಬಾಕ್ಸಿಗೆ ಕೂಗುವ ಬೆಲೆಯ ಮೇಲೆ ನನ್ನ ಕಾಲೇಜಿನ ಫೀಸು, ಅಕ್ಕನ ಮದುವೆ, ಮನೆಯ ಮೇಲ್ಛಾವಣಿ ಎಲ್ಲವೂ ನಿಂತಿದ್ದವು. 2023ರ ಜುಲೈನಲ್ಲಿ ಅದೇ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ಅಪ್ಪ ಟಾರ್ಚು ಹಿಡಿದು ರಾತ್ರಿಯಿಡೀ ತೋಟ ಕಾದರು. ಮರುತಿಂಗಳು ನಾನು ಸ್ಪೇನ್ ದೇಶದ ಬುನ್ಯೋಲ್ ಎಂಬ ಊರಿಗೆ ಹೋಗಿ, ಒಂದೇ ಗಂಟೆಯಲ್ಲಿ ನೂರಿಪ್ಪತ್ತು ಟನ್ ಟೊಮೆಟೊವನ್ನು ಜನ ಒಬ್ಬರ ಮೇಲೊಬ್ಬರು ಎಸೆಯುವ 'ಲಾ ಟೊಮಾಟಿನಾ' ಹಬ್ಬದಲ್ಲಿ ನಿಂತಿದ್ದೆ. ನೂರಿಪ್ಪತ್ತು ಟನ್ ಎಂದರೆ ನಮ್ಮ ಲೆಕ್ಕದಲ್ಲಿ ಎಂಟು ಸಾವಿರ ಬಾಕ್ಸು. ಹೋಗುತ್ತಿದ್ದೇನೆಂದು ಅಪ್ಪನಿಗೆ ಹೇಳಲು ನನಗೆ ಎರಡು ವಾರ ಹಿಡಿಯಿತು.

ಅಲ್ಲಿಂದ ಬಂದ ಮೇಲೆ ಹೇಗೆ ಹೋಗುವುದು, ಏನು ಉಡುವುದು, ಹೆಣ್ಣುಮಕ್ಕಳು ಹೋಗಬಹುದೇ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಬರೆದಿಡುತ್ತಿದ್ದೇನೆ.

ಮೊದಲಿಗೆ, ಇದು ಯಾರ ಹಬ್ಬ ಎಂಬುದು ತಿಳಿದಿರಬೇಕು. ಬುನ್ಯೋಲ್ ವಲೆನ್ಸಿಯಾ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಊರು. ಹತ್ತು ಸಾವಿರದೊಳಗಿನ ಜನಸಂಖ್ಯೆ, ಒಂದು ಹಳೆಯ ಕೋಟೆ, ಇಕ್ಕಟ್ಟಾದ ಬೀದಿಗಳು. 1945ರ ಆಗಸ್ಟ್ ತಿಂಗಳ ಕೊನೆಯ ಬುಧವಾರ ಊರ ಹಬ್ಬದ ಮೆರವಣಿಗೆ ನಡೆದಿತ್ತು. ದೊಡ್ಡ ಕಾಗದದ ತಲೆಗಳನ್ನು ಹೊತ್ತ ಬೊಂಬೆಗಳು ಸಾಗುವ ಮೆರವಣಿಗೆ ಅದು. ನಮ್ಮ ಗಾರುಡಿಗೊಂಬೆಗಳನ್ನು ನೆನೆಸಿಕೊಳ್ಳಿ. ನಡುವೆ ನುಗ್ಗಿದ ಹುಡುಗರ ತಳ್ಳಾಟ ಜಗಳಕ್ಕೆ ತಿರುಗಿತು, ಪಕ್ಕದಲ್ಲಿದ್ದ ತರಕಾರಿ ಅಂಗಡಿಯ ಟೊಮೆಟೊ ಕೈಗೆ ಸಿಕ್ಕಿತು ಎಂಬುದು ಊರಿನಲ್ಲಿ ಎಲ್ಲರೂ ಹೇಳುವ ಕಥೆ. ಮರುವರ್ಷ ಅದೇ ದಿನ ಹುಡುಗರು ಮನೆಯಿಂದಲೇ ಟೊಮೆಟೊ ತಂದರು. ಆಗ ಸ್ಪೇನಿನಲ್ಲಿದ್ದದ್ದು ಫ್ರಾಂಕೊನ ಸರ್ವಾಧಿಕಾರ. 1950ರ ದಶಕದಲ್ಲಿ ಹಬ್ಬವನ್ನು ನಿಷೇಧಿಸಿದರು, ಎಸೆದವರನ್ನು ಹಿಡಿದು ಒಳಗೆ ಹಾಕಿದರು. 1957ರಲ್ಲಿ ಊರಿನವರು ಒಂದು ದೊಡ್ಡ ಟೊಮೆಟೊವನ್ನು ಶವಪೆಟ್ಟಿಗೆಯಲ್ಲಿಟ್ಟು, ವಾದ್ಯದವರಿಂದ ಶೋಕದ ರಾಗ ನುಡಿಸುತ್ತಾ, ಬೀದಿಬೀದಿಯಲ್ಲಿ ಹೊತ್ತು ಮೆರೆಸಿ ಅಂತ್ಯಸಂಸ್ಕಾರ ಮಾಡಿದರು. ಆ ಪ್ರತಿಭಟನೆಯ ನಂತರ ಅನುಮತಿ ಸಿಕ್ಕಿತು. 1980ರಿಂದ ಪುರಸಭೆಯೇ ಹಬ್ಬದ ಜವಾಬ್ದಾರಿ ಹೊತ್ತಿದೆ, 1983ರಲ್ಲಿ ಟಿವಿಯಲ್ಲಿ ಬಂದ ವರದಿಯಿಂದ ದೇಶಕ್ಕೆಲ್ಲ ಗೊತ್ತಾಯಿತು. 2002ರಲ್ಲಿ ಸ್ಪೇನ್ ಸರ್ಕಾರ ಇದನ್ನು ಅಂತರರಾಷ್ಟ್ರೀಯ ಪ್ರವಾಸಿ ಮಹತ್ವದ ಹಬ್ಬವೆಂದು ಘೋಷಿಸಿತು.

ಶವಪೆಟ್ಟಿಗೆಯ ಆ ಕಥೆ ನನಗೆ ಬಹಳ ಮುಖ್ಯ. ಇದು ಯಾವುದೋ ಕಂಪನಿ ಹುಟ್ಟುಹಾಕಿದ ಮೋಜಲ್ಲ; ಊರಿನವರು ಜೈಲಿಗೆ ಹೋಗಿ ಉಳಿಸಿಕೊಂಡದ್ದು. 2011ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಇದೇ ಹೆಸರಿನ ಕಾರ್ಯಕ್ರಮಕ್ಕೆ ತಯಾರಿ ನಡೆದಾಗ ಆಗಿನ ಮುಖ್ಯಮಂತ್ರಿ ಡಿ.ವಿ. ಸದಾನಂದ ಗೌಡರು ಅನುಮತಿ ಕೊಡಬಾರದೆಂದು ಸೂಚಿಸಿದ್ದರು. ಅದು ಸರಿ ಎಂದು ನಾನು ಆಗಲೂ ಅಂದುಕೊಂಡಿದ್ದೆ, ಈಗಲೂ ಅಂದುಕೊಳ್ಳುತ್ತೇನೆ. ನೋಡಬೇಕೆನಿಸಿದರೆ ಬುನ್ಯೋಲ್‌ಗೇ ಹೋಗಬೇಕು, ನೆಂಟರ ಊರಿನ ಜಾತ್ರೆಗೆ ಹೋದ ಹಾಗೆ ಹೋಗಬೇಕು.

ಹಬ್ಬ ಪ್ರತಿವರ್ಷ ಆಗಸ್ಟ್ ತಿಂಗಳ ಕೊನೆಯ ಬುಧವಾರ. 2026ರಲ್ಲಿ ಅದು ಆಗಸ್ಟ್ 26, 2027ರಲ್ಲಿ ಆಗಸ್ಟ್ 25. ಸ್ಪೇನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಯುರೋಪಿಗೆ ಹೋಗುವವರ ನೂಕುನುಗ್ಗಲು ಇರುವುದರಿಂದ ಏಪ್ರಿಲ್ ಅಥವಾ ಮೇ ತಿಂಗಳಲ್ಲೇ ದಿನಾಂಕ ಕಾಯ್ದಿರಿಸಿ. ಶುಲ್ಕ 90 ಯೂರೋ, ವೀಸಾ ಕೇಂದ್ರದ ಸೇವಾಶುಲ್ಕ ಬೇರೆ. 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಮಿಕ್ಕ ಕಾಗದಪತ್ರಗಳ ಪಟ್ಟಿ ವೀಸಾ ಕೇಂದ್ರದವರೇ ಕೊಡುತ್ತಾರೆ, ಅದನ್ನು ಇಲ್ಲಿ ಬರೆದು ನಿಮ್ಮ ಸಮಯ ತಿನ್ನುವುದಿಲ್ಲ.

ಟಿಕೆಟ್ ವಿಷಯ ಮಾತ್ರ ಗಮನವಿಟ್ಟು ಓದಿ. 2012ರವರೆಗೆ ಪ್ರವೇಶಕ್ಕೆ ತಡೆಯಿರಲಿಲ್ಲ, ನಲವತ್ತು ಸಾವಿರಕ್ಕೂ ಹೆಚ್ಚು ಜನ ಆ ಸಣ್ಣ ಊರಿಗೆ ಬಂದು ತುಂಬುತ್ತಿದ್ದರು. 2013ರಿಂದ ಪುರಸಭೆ ಸಂಖ್ಯೆಯನ್ನು ಸುಮಾರು 20,000ಕ್ಕೆ ಮಿತಿಗೊಳಿಸಿ ಟಿಕೆಟ್ ಇಟ್ಟಿತು. ಮೊದಲ ವರ್ಷ 10 ಯೂರೋ ಇದ್ದದ್ದು ಈಗ ಸ್ವಲ್ಪ ಏರಿದೆ. ಊರಿನವರಿಗೆ ಉಚಿತ. ಟಿಕೆಟನ್ನು ಹಬ್ಬದ ಅಧಿಕೃತ ಜಾಲತಾಣದಿಂದ ಅಥವಾ ಅವರು ಒಪ್ಪಿಗೆ ಕೊಟ್ಟ ಮಾರಾಟಗಾರರಿಂದಲೇ ಕೊಳ್ಳಿ. ವಲೆನ್ಸಿಯಾದಿಂದ ಹೋಗಿಬರುವ ಬಸ್ಸನ್ನೂ ಸೇರಿಸಿ ಮಾರುವ ಟಿಕೆಟ್ ಸಿಗುತ್ತದೆ. ಮೊದಲ ಸಲ ಹೋಗುವವರಿಗೆ ಅದೇ ಒಳ್ಳೆಯದು. ರೈಲಿನಲ್ಲೇ ಹೋಗುವೆನೆಂದರೆ ವಲೆನ್ಸಿಯಾದ ಉಪನಗರ ರೈಲಿನ ಸಿ-3 ಮಾರ್ಗ ಬುನ್ಯೋಲ್ ಮೂಲಕ ಹಾದುಹೋಗುತ್ತದೆ. ಆದರೆ 2024ರ ಅಕ್ಟೋಬರ್ 29ರ ಭೀಕರ ಪ್ರವಾಹದಲ್ಲಿ ಆ ಮಾರ್ಗಕ್ಕೆ ಬಹಳ ಹಾನಿಯಾಗಿತ್ತು, ಹಾಗಾಗಿ ಹೊರಡುವ ಮುನ್ನ ವೇಳಾಪಟ್ಟಿ ನೋಡಿಕೊಳ್ಳಿ. ಉಳಿದುಕೊಳ್ಳುವುದು ವಲೆನ್ಸಿಯಾದಲ್ಲಿ. ಬುನ್ಯೋಲ್‌ನಲ್ಲಿ ಕೋಣೆಗಳು ಕಡಿಮೆ, ಆ ವಾರ ಸಿಗುವುದೇ ಕಷ್ಟ.

ಇನ್ನು ಉಡುಗೆ. ಹಳೆಯ, ದಪ್ಪ ಹತ್ತಿಯ ಟೀ ಶರ್ಟು, ಮೊಣಕಾಲು ದಾಟುವ ಪ್ಯಾಂಟು. ಬಿಳಿ ಬಟ್ಟೆ ಫೋಟೋದಲ್ಲಿ ಚೆಂದ ಕಾಣುತ್ತದೆ, ಆದರೆ ಒದ್ದೆಯಾದರೆ ಮೈಗೆ ಅಂಟಿ ಒಳಗಿನದೆಲ್ಲ ಕಾಣಿಸುತ್ತದೆ. ಹೆಣ್ಣುಮಕ್ಕಳು ಒಳಗೆ ಈಜುಡುಗೆ ಹಾಕಿಕೊಳ್ಳಿ. ಬೇರೆಯವರ ಬಟ್ಟೆ ಹರಿಯಬಾರದು ಎಂಬುದು ಹಬ್ಬದ ಲಿಖಿತ ನಿಯಮ. ಆದರೂ ಆ ಗುಂಪಿನಲ್ಲಿ ಕೆಲವು ಗಂಡಸರು ಅಂಗಿ ಎಳೆಯುವುದನ್ನು, ಅದಕ್ಕಿಂತ ಕೆಟ್ಟದಾಗಿ ಕೈಯಾಡಿಸುವುದನ್ನು ನಾನು ಕಂಡೆ. ನಾವು ಮೂವರು ಗೆಳತಿಯರು ಬೆನ್ನಿಗೆ ಬೆನ್ನು ಕೊಟ್ಟು ನಿಂತೆವು. ಯಾರಾದರೂ ಮೇಲೆ ಬಿದ್ದರೆ ಜೋರಾಗಿ ಕಿರುಚಿ, ಪಕ್ಕದಲ್ಲಿರುವ ಊರಿನವರ ಕಡೆಗೆ ಸರಿಯಿರಿ. ಅವರು ತಮ್ಮ ಹಬ್ಬದ ಮಾನ ಕಾಪಾಡುವವರು, ಸುಮ್ಮನೆ ನೋಡುತ್ತಾ ನಿಲ್ಲುವುದಿಲ್ಲ.

ಕಾಲಿಗೆ ಮುಚ್ಚಿದ ಶೂ ಹಾಕಿ, ದಾರವನ್ನು ಎರಡು ಗಂಟು ಬಿಗಿಯಿರಿ. ಚಪ್ಪಲಿ ಬೇಡವೇ ಬೇಡ. ನನ್ನ ಪಕ್ಕದಲ್ಲಿದ್ದ ಹುಡುಗನೊಬ್ಬನ ಚಪ್ಪಲಿ ಮೊದಲ ಐದು ನಿಮಿಷದಲ್ಲೇ ಕೆಸರಿನಲ್ಲಿ ಮಾಯವಾಯಿತು, ಉಳಿದ ಸಮಯವನ್ನು ಅವನು ಬರಿಗಾಲಿನಲ್ಲಿ, ಜನರ ಶೂಗಳ ಕೆಳಗೆ ಕಳೆದ. ಕಣ್ಣಿಗೆ ಈಜುಗಾರರ ಕನ್ನಡಕ ಬೇಕು. ಅದಕ್ಕೆ ಮಂಜು ಕಟ್ಟುತ್ತದೆ, ಒರೆಸಲು ಒಣಬಟ್ಟೆ ಮೈಮೇಲೆ ಎಲ್ಲೂ ಇರುವುದಿಲ್ಲ; ಅದಕ್ಕೇ ಒಂದು ಸಣ್ಣ ಕರವಸ್ತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿನಲ್ಲಿಡಿ. ತಲೆಗೆ ಹಿಂದಿನ ರಾತ್ರಿಯೇ ಕೊಬ್ಬರಿ ಎಣ್ಣೆ ಸುರಿದು, ಜಡೆ ಬಿಗಿಯಾಗಿ ಹೆಣೆದು ಸುತ್ತಿಕೊಂಡಿದ್ದೆ. ಮುಖಕ್ಕೂ ಕೈಗೂ ಎಣ್ಣೆ ಸವರಿದ್ದೆ. ಗೆಳತಿಯರು ಬೇಡವೆಂದರು. ಸಂಜೆ ಅವರು ಕೂದಲಿನಿಂದ ಬೀಜ ಹೆಕ್ಕುತ್ತಾ ಎರಡು ಗಂಟೆ ಕುಳಿತಾಗ ನನ್ನ ಕೆಲಸ ಒಂದೇ ಸ್ನಾನಕ್ಕೆ ಮುಗಿದಿತ್ತು. ಹೊಲದಲ್ಲಿ ಟೊಮೆಟೊ ಗಿಡಗಳನ್ನು ಕೋಲಿಗೆ ಕಟ್ಟುವಾಗ ಕೈಗೆ ಹಸಿರು ಕಲೆ ಹತ್ತದಂತೆ ನಮ್ಮ ಅಮ್ಮ ಹೀಗೆಯೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು, ಅಲ್ಲಿಂದ ಕಲಿತದ್ದು.

ಪಾಸ್‌ಪೋರ್ಟು ಹೋಟೆಲಿನಲ್ಲೇ ಇರಲಿ, ಅದರ ನಕಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ಯಿರಿ. ಮೊಬೈಲ್ ಒಯ್ಯಬೇಡಿ ಎಂಬುದು ನನ್ನ ಸಲಹೆ. ಒಯ್ಯಲೇಬೇಕೆಂದರೆ ನೀರು ಹೋಗದ ಚೀಲ, ಕೊರಳಿಗೆ ದಾರ. ಬದಲಿ ಬಟ್ಟೆಯ ಚೀಲವನ್ನು ಇಟ್ಟುಕೊಳ್ಳಲು ಊರಿನಲ್ಲಿ ಹಣ ಪಡೆಯುವ ಜಾಗಗಳಿವೆ. ನಾವು ಬಸ್ಸಿನಲ್ಲೇ ಬಿಟ್ಟೆವು.

ಬೆಳಗ್ಗೆ ಎಂಟೂವರೆಗೆಲ್ಲ ಊರು ಸೇರಿಕೊಳ್ಳಿ. ಪ್ರವೇಶದ್ವಾರದಲ್ಲಿ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತಾರೆ. ಬೀದಿಯ ಮನೆಗಳಿಗೆಲ್ಲ ಬಾಗಿಲಿನಿಂದ ಮಹಡಿಯವರೆಗೆ ನೀಲಿ, ಬಿಳಿ ಟಾರ್ಪಾಲು ಹೊದಿಸಿರುತ್ತಾರೆ. ಅಷ್ಟೊತ್ತಿಗೆ ಊರಿನವರು ಬಾಲ್ಕನಿಗಳಲ್ಲಿ ಕುಳಿತು ಕಾಫಿ ಕುಡಿಯುತ್ತಿರುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಚೌಕದಲ್ಲಿ 'ಪಾಲೋ ಹಬೋನ್' ಶುರುವಾಗುತ್ತದೆ. ಸೋಪು, ಕೊಬ್ಬು ಸವರಿದ ಎತ್ತರದ ಕಂಬದ ತುದಿಗೆ ಉಪ್ಪಿನಲ್ಲಿ ಒಣಗಿಸಿದ ಹಂದಿಯ ತೊಡೆಯನ್ನು ಕಟ್ಟಿರುತ್ತಾರೆ, ಹತ್ತಿ ಇಳಿಸಿದವರಿಗೆ ಅದು ಬಹುಮಾನ. ನಮ್ಮ ಕಡೆ ಗೋಕುಲಾಷ್ಟಮಿಗೆ ಜಾರುಕಂಬ ಹತ್ತುವುದನ್ನು ನೋಡಿ ಬೆಳೆದ ನನಗೆ ಕಣ್ಣು ತುಂಬಿ ಬಂತು. ಅದೇ ಮನುಷ್ಯರ ಏಣಿ, ಕೆಳಗಿನವನ ಅದೇ ನಡುಗುವ ಕಾಲುಗಳು. ಕಂಬದ ಹತ್ತಿರ ನುಗ್ಗಬೇಡಿ, ಮೇಲಿನಿಂದ ಬೀಳುವವರು ನಿಮ್ಮ ತಲೆಯ ಮೇಲೇ ಬೀಳುತ್ತಾರೆ.

ನಿಲ್ಲುವ ಜಾಗವನ್ನು ಈಗಲೇ ಆರಿಸಿಕೊಳ್ಳಬೇಕು. ಪುಯೆಬ್ಲೊ ಚೌಕ ಮತ್ತು ಅದಕ್ಕೆ ಸೇರುವ ಸಿದ್ ಬೀದಿಯಲ್ಲಿ ಜನ ಅತಿ ಹೆಚ್ಚು. ಅಲ್ಲಿ ಕೈ ಎತ್ತಿದರೆ ಮತ್ತೆ ಇಳಿಸಲು ಜಾಗವಿರುವುದಿಲ್ಲ. ಉಸಿರುಕಟ್ಟುವ ಭಯವಿರುವವರು, ಕುಳ್ಳಗಿರುವವರು ಅಲ್ಲಿಗೆ ಹೋಗಬಾರದು. ಚೌಕದಿಂದ ದೂರ, ಅಡ್ಡಬೀದಿ ಕೂಡುವ ಮೂಲೆಯಲ್ಲಿ ನಿಂತರೆ ಆಟವೂ ಸಿಗುತ್ತದೆ, ಸಾಕೆನಿಸಿದರೆ ಹೊರಬೀಳುವ ದಾರಿಯೂ ಇರುತ್ತದೆ. ಮಕ್ಕಳನ್ನು ಕರೆದೊಯ್ಯುವಂತಿದ್ದರೆ ಬುಧವಾರದ ಗದ್ದಲ ಬೇಡ, ಕೆಲವು ದಿನ ಮೊದಲು ಅವರಿಗಾಗಿಯೇ ಪುಟ್ಟ ಟೊಮೆಟೊ ಆಟ ಏರ್ಪಡಿಸುತ್ತಾರೆ.

ಹನ್ನೆರಡಕ್ಕೆ ಮೊದಲ ಗರ್ನಾಲು ಸಿಡಿಯುತ್ತದೆ. ಟೊಮೆಟೊ ತುಂಬಿದ ಲಾರಿ ಬರುವ ಮೊದಲು ಅದರ ವಾಸನೆ ಬಂತು. ಹುಳಿ, ಬಿಸಿಲಿಗೆ ಕಾದ ಹಣ್ಣಿನ ಸಿಹಿ, ಅದರಡಿಯಲ್ಲಿ ಕೊಳೆಯಲು ಶುರುವಾದ ಒಂದು ಘಾಟು. ಆ ವಾಸನೆ ನನಗೆ ಗೊತ್ತು. ಬೆಲೆ ಬಿದ್ದ ವರ್ಷ, ಬಾಕ್ಸಿಗೆ ಕೂಲಿಯೂ ಹುಟ್ಟದೆ, ಅಪ್ಪ ಟ್ರ್ಯಾಕ್ಟರಿನ ತುಂಬ ಹಣ್ಣನ್ನು ಕೆರೆಯಂಗಳಕ್ಕೆ ಸುರಿದು ಬಂದ ದಿನದ ವಾಸನೆ. ನಾನು ಗೋಡೆಗೆ ಒರಗಿ ನಿಂತುಬಿಟ್ಟೆ. ಲಾರಿಯ ಮೇಲೆ ನಿಂತ ಊರಿನ ಹುಡುಗರು ಎಸೆಯುತ್ತಾ ಬಂದರು, ಒಂದು ಹಣ್ಣು ನನ್ನ ಎದೆಗೆ ತಾಗಿ ಜಾರಿ ಕೈಗೆ ಬಂತು.

ಅದನ್ನು ತಿರುಗಿಸಿ ನೋಡಿದೆ. ಉದ್ದನೆಯ, ಪೇರಳೆಯಾಕಾರದ ಹಣ್ಣು. ದಪ್ಪ ಚರ್ಮ, ಒಳಗೆ ರಸ ಕಡಿಮೆ, ಗಟ್ಟಿ ತಿರುಳು. ಸಾಸ್ ಮಾಡುವ ಜಾತಿ. ತೊಟ್ಟಿನ ಬಳಿ ಮೆತ್ತಗಾಗಿ ಕಪ್ಪಾಗಿತ್ತು, ಮಾರುಕಟ್ಟೆಯ ಯಾವ ಹರಾಜಿನಲ್ಲೂ ಬೆಲೆ ಸಿಗದಷ್ಟು ಹಣ್ಣಾಗಿತ್ತು. ಈ ಹಣ್ಣು ಬರುವುದು ಇತ್ತೀಚಿನ ವರ್ಷಗಳಲ್ಲಿ ಎಕ್ಸ್‌ತ್ರೆಮದೂರಾ ಪ್ರದೇಶದಿಂದ. ಸ್ಪೇನಿನ ಸಾಸ್ ಕಾರ್ಖಾನೆಗಳಿಗೆ ಟೊಮೆಟೊ ಬೆಳೆಯುವ ನಾಡು ಅದು. ಪುರಸಭೆ ಹಣ ಕೊಟ್ಟು ಕೊಳ್ಳುತ್ತದೆ. ಅಂದರೆ ಯಾರೋ ಒಬ್ಬ ರೈತನಿಗೆ ಈ ಕೊನೆಯ ಹಣ್ಣಿಗೂ ದುಡ್ಡು ಬಂದಿದೆ. ಅನ್ನದ ಪದಾರ್ಥವನ್ನು ತುಳಿಯುವುದು ತಪ್ಪಲ್ಲವೇ ಎಂದು ನೀವು ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದು. ನನ್ನ ಅಮ್ಮ ಇಂದಿಗೂ ಒಪ್ಪಿಲ್ಲ. ಆದರೆ ಕೆರೆಯಂಗಳಕ್ಕೆ ಸುರಿದ ಹಣ್ಣಿಗಿಂತ ಇಲ್ಲಿ ಬಿದ್ದ ಹಣ್ಣಿಗೆ ಹೆಚ್ಚು ಮರ್ಯಾದೆ ಸಿಕ್ಕಿತು ಎಂದು ನನಗೆ ಆ ಗೋಡೆಯ ಬಳಿ ಅನ್ನಿಸಿತು, ಆ ಮೇಲೆಯೇ ನಾನು ಆಟಕ್ಕೆ ಇಳಿದದ್ದು.

ಎಸೆಯುವ ಕ್ರಮ ಹೀಗೆ. ಹಣ್ಣನ್ನು ಅಂಗೈಯಲ್ಲಿ ಹಿಡಿದು, ಸಾರಿಗೆ ಹುಣಸೆಹಣ್ಣು ಕಿವುಚುವ ಹಾಗೆ ಕಿವುಚಿ. ಚರ್ಮ ಒಡೆದು ಬೆರಳ ಸಂದಿಯಿಂದ ರಸ ಇಳಿಯಬೇಕು. ಆಮೇಲೆ ಎಸೆಯಿರಿ. ಇದು ಹಬ್ಬದ ನಿಯಮಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಹೊರಗಿನಿಂದ ಬಂದವರು ಎಲ್ಲಕ್ಕಿಂತ ಹೆಚ್ಚು ಮರೆಯುವುದೂ ಇದನ್ನೇ. ಕಿವುಚದ ಗಟ್ಟಿ ಹಣ್ಣು ಹತ್ತಿರದಿಂದ ಬಂದು ಕಿವಿಗೆ ಬಿದ್ದರೆ ಕಲ್ಲಿನೇಟಿನಂತೆ ಇರುತ್ತದೆ, ನನ್ನ ಕಿವಿ ಎರಡು ದಿನ ಗುಂಯ್‌ಗುಟ್ಟಿತು. ಊರಿನ ಅಜ್ಜಿಯೊಬ್ಬರು ತಮ್ಮ ಬಾಗಿಲಲ್ಲಿ ನಿಂತು ಆಡುತ್ತಿದ್ದುದನ್ನು ಗಮನಿಸಿದೆ. ಪ್ರತಿ ಹಣ್ಣನ್ನೂ ಎರಡೂ ಕೈಯಿಂದ ಒತ್ತಿ, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ತೂರುತ್ತಿದ್ದರು. ಅದು ಗಾಳಿಯಲ್ಲೇ ಬಿಡಿಸಿಕೊಂಡು ನಾಲ್ಕು ಜನರ ಮೇಲೆ ಬೀಳುತ್ತಿತ್ತು. ನನ್ನ ಕೈಯಲ್ಲಿದ್ದ ಹಣ್ಣನ್ನು ನೋಡಿ, ತಮ್ಮ ಮುಷ್ಟಿಯನ್ನು ಮುಚ್ಚಿ ತೆರೆದು ತೋರಿಸಿದರು. ನಾನು ಕಿವುಚಿದೆ, ಅವರು ತಲೆಯಾಡಿಸಿದರು. ಆಮೇಲೆ ನಾನು ಎಸೆದದ್ದೆಲ್ಲ ಅವರ ರೀತಿಯಲ್ಲೇ.

ಟೊಮೆಟೊ ಬಿಟ್ಟು ಬೇರೇನನ್ನೂ ಎಸೆಯಬಾರದು. ಬಾಟಲಿಯನ್ನಾಗಲಿ, ಗಟ್ಟಿ ವಸ್ತುವನ್ನಾಗಲಿ ಒಳಗೆ ತರುವಂತಿಲ್ಲ. ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯುವವರೂ ಇದ್ದಾರೆ, ಅದೂ ತಪ್ಪು.

ನಿಜವಾದ ಅಪಾಯ ಹಣ್ಣಿನದಲ್ಲ, ಲಾರಿಯದು. ಬೀದಿ ಎಷ್ಟು ಕಿರಿದೆಂದರೆ ಲಾರಿ ಹಾಯುವಾಗ ಅಷ್ಟೂ ಜನ ಎರಡು ಬದಿಯ ಗೋಡೆಗೆ ಒತ್ತಿಕೊಳ್ಳಬೇಕು. ಆರೇಳು ಲಾರಿಗಳು ಒಂದಾದ ಮೇಲೊಂದು ಬರುತ್ತವೆ. ಲಾರಿ ಕಂಡ ಕೂಡಲೇ ಎಸೆಯುವುದನ್ನು ನಿಲ್ಲಿಸಿ, ಬೆನ್ನನ್ನು ಗೋಡೆಗೆ ಹಚ್ಚಿ, ಎರಡೂ ಮೊಣಕೈಯನ್ನು ಎದೆಯ ಮುಂದೆ ಮಡಚಿ ಹಿಡಿಯಿರಿ. ಹಾಗೆ ಹಿಡಿದರೆ ಜನ ಒತ್ತಿದಾಗಲೂ ಎದೆಗೆ ಉಸಿರಾಡುವಷ್ಟು ಜಾಗ ಉಳಿಯುತ್ತದೆ. ಕಾಲಡಿ ಆಗಲೇ ಪಾದ ಮುಳುಗುವಷ್ಟು ರಸವಿರುತ್ತದೆ, ಜಾರುತ್ತದೆ. ಪಾದ ಎತ್ತದೆ ಎಳೆದು ನಡೆಯಿರಿ, ನಾಟಿ ಮಾಡಿದ ಗದ್ದೆಯಲ್ಲಿ ನಡೆಯುವ ಹಾಗೆ. ಯಾರಾದರೂ ಬಿದ್ದರೆ ಮೊದಲು ಅವರನ್ನು ಎತ್ತಿ. ಏನೋ ಕಳೆದುಹೋಯಿತೆಂದು ಬಗ್ಗಿ ಹುಡುಕಲು ಹೋಗಬೇಡಿ.

ಒಂದು ಗಂಟೆಯ ನಂತರ ಎರಡನೆಯ ಗರ್ನಾಲು. ಅದು ಕೇಳಿಸಿದ ಮೇಲೆ ಒಂದು ಹಣ್ಣನ್ನೂ ಎಸೆಯಬಾರದು. ಕೈಯಲ್ಲಿದ್ದರೆ ಕೆಳಗೆ ಬಿಡಿ.

ಆಮೇಲೆ ಊರಿನವರ ಹಬ್ಬ ಶುರುವಾಯಿತು ಎಂದೇ ನನಗೆ ಅನ್ನಿಸಿತು. ಬಾಲ್ಕನಿಗಳ ಕೆಳಗೆ ನಿಂತು ಎಲ್ಲರೂ 'ಆಗ್ವಾ, ಆಗ್ವಾ' ಎಂದು ಕೂಗುತ್ತಾರೆ, ನೀರು, ನೀರು ಎಂದು. ಮೇಲಿನಿಂದ ಬಕೆಟ್ಟುಗಳು ಬಗ್ಗುತ್ತವೆ, ಬಾಗಿಲುಗಳಿಂದ ಪೈಪುಗಳು ಹೊರಬರುತ್ತವೆ. ಅದೇ ಅಜ್ಜಿ ಪೈಪು ಹಿಡಿದು ನನ್ನನ್ನು ತಿರುಗಲು ಹೇಳಿ, ಕಿವಿಯ ಹಿಂದೆ, ಕತ್ತಿನ ಕೆಳಗೆ, ಮಗುವಿಗೆ ಎರೆದ ಹಾಗೆ ನೀರು ಹಾಯಿಸಿದರು. 'ಗ್ರಾಸಿಯಾಸ್' ಎಂಬ ಒಂದು ಮಾತನ್ನು ಕಲಿತುಕೊಂಡು ಹೋಗಿ, ಸಾವಿರ ಸಲ ಬೇಕಾಗುತ್ತದೆ. ಯಾರ ಮನೆಯೊಳಗೂ ಕಾಲಿಡಬೇಡಿ, ಟಾರ್ಪಾಲನ್ನು ಎಳೆಯಬೇಡಿ. ಸಾರ್ವಜನಿಕ ಸ್ನಾನಕ್ಕೂ ನಲ್ಲಿಗಳನ್ನು ಹಾಕಿರುತ್ತಾರೆ, ಸಾಲು ಉದ್ದ. ಅಷ್ಟರಲ್ಲಿ ಅಗ್ನಿಶಾಮಕ ವಾಹನಗಳು ಬೀದಿಯ ಮೇಲಿನಿಂದ ನೀರು ಬಿಡುತ್ತಾ ಬರುತ್ತವೆ, ಕೆಂಪು ಹೊಳೆ ಇಳಿದು ಹೋಗುತ್ತದೆ. ಎರಡು ಗಂಟೆ ಕಳೆದು ಅದೇ ದಾರಿಯಲ್ಲಿ ನಡೆದಾಗ ಕಲ್ಲುಹಾಸು ಹುಣಸೆಹುಳಿಯಲ್ಲಿ ತಿಕ್ಕಿದ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಹುಳಿಯ ಗುಣ ಎಲ್ಲಿಯಾದರೂ ಒಂದೇ.

ಹಸಿವು ವಿಪರೀತವಾಗಿರುತ್ತದೆ. ಸಸ್ಯಾಹಾರಿಗಳು ಜಾಗರೂಕರಾಗಿರಬೇಕು: ವಲೆನ್ಸಿಯಾದ ಹೆಸರಾಂತ ಪಾಯೆಯಾ ಅನ್ನದಲ್ಲಿ ಸಾಮಾನ್ಯವಾಗಿ ಕೋಳಿ, ಮೊಲ ಇರುತ್ತವೆ. 'ವೆರ್ದುರಾಸ್' ಎಂದರೆ ತರಕಾರಿ. ಆ ಹೆಸರಿನ ಪಾಯೆಯಾ ಕೇಳಿ, ಮಾಂಸದ ರಸ ಹಾಕಿಲ್ಲವಲ್ಲ ಎಂದು ಖಚಿತಪಡಿಸಿಕೊಳ್ಳಿ. ಬ್ರೆಡ್ಡಿನ ಮೇಲೆ ತುರಿದ ಟೊಮೆಟೊ, ಆಲಿವ್ ಎಣ್ಣೆ, ಉಪ್ಪು ಹಾಕಿದ್ದು ಎಲ್ಲೆಡೆ ಸಿಗುತ್ತದೆ. ವಲೆನ್ಸಿಯಾಕ್ಕೆ ಮರಳಿದ ಮೇಲೆ ಓರ್ಚಾತಾ ಕುಡಿಯಿರಿ. ಚೂಫಾ ಎಂಬ ಗಡ್ಡೆಯನ್ನು ರುಬ್ಬಿ ಹಿಂಡಿದ ತಣ್ಣನೆಯ ಹಾಲು ಅದು, ಹಸುವಿನ ಹಾಲು ಅದರಲ್ಲಿಲ್ಲ.

ಬಸ್ಸಿಗೆ ಹತ್ತುವ ಮೊದಲೇ ಬಟ್ಟೆ ಬದಲಿಸಿ, ಆಸನದ ಮೇಲೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ ಇಟ್ಟುಕೊಳ್ಳಿ. ಒದ್ದೆ ಬಟ್ಟೆಯನ್ನು ಎರಡು ಚೀಲಗಳಲ್ಲಿ ಕಟ್ಟಿ. ಶೂ ಉಳಿಯುವುದಿಲ್ಲ, ಊರಿನಲ್ಲಿಟ್ಟಿರುವ ಕಸದ ತೊಟ್ಟಿಗೇ ಹಾಕಿ ಬನ್ನಿ. ಹೋಟೆಲಿನ ಬಚ್ಚಲಿನಲ್ಲಿ ನೇರವಾಗಿ ತಲೆಗೆ ನೀರು ಹಾಕಿಕೊಂಡರೆ ಬೀಜ, ಸಿಪ್ಪೆ ಸೇರಿ ತೂಬು ಕಟ್ಟಿಕೊಳ್ಳುತ್ತದೆ. ಮೊದಲು ಬಕೆಟ್ಟಿನ ಮೇಲೆ ಬಗ್ಗಿ ಕೂದಲು ಕೊಡವಿ. ನನ್ನ ಜಡೆಯಿಂದ ಹನ್ನೊಂದು ಬೀಜ ಬಿದ್ದವು. ಆ ರಾತ್ರಿ ವಿಡಿಯೋ ಕರೆಯಲ್ಲಿ ಅಪ್ಪ ಅವುಗಳಲ್ಲೊಂದನ್ನು ಕ್ಯಾಮೆರಾದ ಹತ್ತಿರ ಹಿಡಿಯಲು ಹೇಳಿದರು, ಬಹಳ ಹೊತ್ತು ನೋಡಿದರು, ನಂತರ ಎಕರೆಗೆ ಎಷ್ಟು ಇಳುವರಿ ಕೇಳಿಕೊಂಡು ಬಂದೆಯಾ ಎಂದರು.